ಪಾತ್ರೆ ನೀನೇ ತಿಕ್ಕು, ತಮ್ಮಾ

ಇಳಕಲ್,
ಗುರುವಾರ

ಚಿ. ತಮ್ಮನಿಗೆ ಕಾಕಾ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಅರಾಮ ಇದ್ದೇವೆ. ನಿನ್ನ ಚಿಗವ್ವನ ಮೊಣಕಾಲು ನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿ ಇದೆ. ನಿನ್ನೆ ಫೋನಿನಲ್ಲಿ ನೀನು ಸರಿಯಾಗಿ ಮಾತಾಡಲಿಲ್ಲ. ಕೇಳಿ ಕೇಳಿ ಬಾಯಿ ಬಿಡಿಸಿದ ಮೇಲೆ ಗೊತ್ತಾಯ್ತು. ಸೊಸೆ ಹಾಲು ಒಲೆ ಮೇಲಿಟ್ಟು ಮರೆತಳು, ಪಾತ್ರೆ ಸೀದು ಕರಿ ಆಯ್ತು, ನೀನು ಎರಡು ದಿನದಿಂದ ಮಾತು ಬಿಟ್ಟಿದ್ದೀಯ. ಒಂದು ಲೀಟರ್ ಹಾಲಿಗೆ ಎರಡು ದಿನ ಮುನಿಸು! ಇಷ್ಟು ತುಟ್ಟಿ ಹಾಲು ನಾನು ಎಲ್ಲೂ ಕೇಳಿಲ್ಲ. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಇಟ್ಟುಬಿಡ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನೀನಿರುವ ಊರಿನಲ್ಲೇ ಒಂದು ಕಥೆ ಹೇಳ್ತಾರೆ. ಮಿಠಾಯಿ ಮಾಡುವವರು ಯಾರೋ ಒಲೆ ಮೇಲಿನ ಹಾಲು ಮರೆತರಂತೆ, ಅದು ಕಾದು ಕಾದು ಗಟ್ಟಿಯಾಗಿ ಬೆಳಗಾವಿ ಕುಂದಾ ಆಯ್ತಂತೆ. ಕಥೆ ಚೆಂದ ಇದೆ. ಆದರೆ ಮರೆತ ಹಾಲೆಲ್ಲ ಕುಂದಾ ಆಗಲ್ಲ, ಸೀದೇ ಹೋಗುವುದು ಜಾಸ್ತಿ. ಕುಂದಾ ಆಗಿದ್ದರೆ ನೀನೂ ಬಾಯಿ ಚಪ್ಪರಿಸಿಕೊಂಡು ಸುಮ್ನಿರ್ತಿದ್ದೆ, ಅಲ್ವಾ?

ನಿಮ್ಮ ಮುತ್ಯಾನ ಒಂದು ಸಂಗತಿ ನಿನಗೆ ಹೇಳಿಲ್ಲ. ಆಗ ನನಗೆ ಹದಿನೆಂಟು. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಚಂದ್ರಕಾಳಿ ಸೀರೆ ನೇಯುತ್ತಿದ್ದೆ. ನಿನಗೆ ಗೊತ್ತಲ್ಲ, ನಮ್ಮ ಸೀರೆಗೆ ಮೈಯ ಹಾಸು, ಅಂದರೆ ಉದ್ದದ ಎಳೆ, ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಬೇಕು. ನಮ್ಮವ್ವ ಕೂತಲ್ಲೇ ಕೂತು, ಕಣ್ಣು ಕಿರಿದು ಮಾಡಿಕೊಂಡು ಆ ಕೊಂಡಿ ಹಾಕಿದ್ದಳು. ನನ್ನ ಲಕ್ಷ್ಯವೆಲ್ಲ ಸಂಜೆಯ ಸಿನಿಮಾದ ಮೇಲೆ. ಗೋಮಿ ದಡಿಯಲ್ಲಿ ಎರಡು ಎಳೆ ಹರಿದದ್ದು ನೋಡದೆ ಲಾಳಿ ಓಡಿಸುತ್ತ ಹೋದೆ. ಒಂದು ಗೇಣು ಬಟ್ಟೆ ಕೆಟ್ಟಿತು. ಯಾರಿಗೂ ಕಾಣಬಾರದು ಅಂತ ಸುತ್ತಿಬಿಟ್ಟೆ.

ಅಪ್ಪ ಬಂದು ಬಟ್ಟೆ ಬಿಚ್ಚಿ ಕೈಯಾಡಿಸಿದ. ನಾನು ಮೈ ಬಿಗಿ ಹಿಡಿದು ಕೂತೆ. "ಸ್ವಲ್ಪ ಸರಿ" ಅಂದು ಪಕ್ಕದಲ್ಲೇ ಕೂತು ಹೊಕ್ಕಿನ ಅಡ್ಡ ಎಳೆ ಒಂದೊಂದೇ ಬಿಡಿಸತೊಡಗಿದ. "ಜಗ್ಗಬ್ಯಾಡ, ಹಾಸು ಹರೀತದ. ನೇಯೂದಕ್ಕಿಂತ ಬಿಚ್ಚೂದು ನಿಧಾನ ಮಾಡಬೇಕು" ಅಂದ. ಅಷ್ಟೇ ಮಾತು. ದೀಪ ಹಚ್ಚುವ ಹೊತ್ತಾಯ್ತು. ಸಿನಿಮಾ ಹೋಯ್ತು, ಬಿಡು.

ಅದಕ್ಕಿಂತ ದೊಡ್ಡದು ಆಮೇಲಿನದು. ಸಾಯುವ ತನಕ ಅಪ್ಪ ಆ ಒಂದು ಗೇಣು ಬಟ್ಟೆಯ ಸುದ್ದಿ ಎತ್ತಲಿಲ್ಲ. ನನ್ನ ಮದುವೆಯಲ್ಲಿ ಬೀಗರ ಮುಂದೆ ತಮಾಷೆಗೂ ಇಲ್ಲ, ನನ್ನ ಮೇಲೆ ಕೆಂಡದಂಥ ಸಿಟ್ಟು ಬಂದಾಗಲೂ ಇಲ್ಲ.

ನನಗೆ ಆ ಗುಣ ಬರಲಿಲ್ಲ ನೋಡು. ಬನಶಂಕರಿ ಜಾತ್ರೆಯಲ್ಲಿ ರಾತ್ರಿ ನಾಟಕ ನೋಡ್ತಾ ನಿನ್ನ ಚಿಗವ್ವ ಎಲೆ ಅಡಿಕೆ ಚೀಲ ಕಳೆದುಕೊಂಡಳು. ಒಳಗೆ 300 ರೂಪಾಯಿ. ಆಗಿನ ಕಾಲಕ್ಕೆ ದೊಡ್ಡ ದುಡ್ಡು. ಆ ರಾತ್ರಿ ಬೈದೆ, ಹೋಗಲಿ. ಮರುವರ್ಷ ಬನದ ಹುಣ್ಣಿಮೆಯ ಅದೇ ಜಾತ್ರೆಗೆ ಹೊರಟಾಗ "ಚೀಲ ಗಟ್ಟಿ ಹಿಡ್ಕೊ" ಅಂದೆ. ಅದರ ಮರುವರ್ಷವೂ ಅಂದೆ. ಬಸ್ಸಿನಲ್ಲಿ ಎಲ್ಲರೂ ನಗ್ತಿದ್ದರು, ಅವಳೂ ನಗ್ತಾಳೆ ಅಂತಲೇ ತಿಳಿದಿದ್ದೆ. ಒಂದು ವರ್ಷ "ನೀವು ಹೋಗಿ ಬರ್ರಿ, ನಾ ಒಲ್ಲೆ" ಅಂದಳು. ಆಮೇಲೆ ಆರು ವರ್ಷ ಅವಳು ಬನಶಂಕರಿ ತೇರು ನೋಡಲಿಲ್ಲ.

ಹೋದ ದಸರೆಗೆ "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅಂತ ಓಣಿಯೆಲ್ಲ ಹಂಚಿ ಬಂದೆ. ವರ್ಷವಿಡೀ ಮುಖ ನೋಡದವರೂ ಅವತ್ತು ಬನ್ನಿ ಕೊಡ್ತಾರೆ. ಮನೆಗೆ ಬಂದಾಗ ಕೈಯಲ್ಲಿ ನಾಲ್ಕು ಎಲೆ ಉಳಿದಿದ್ದವು. ಅವಳಿಗೆ ಕೊಟ್ಟು, "ಆ ಚೀಲದ ಮಾತು ಇನ್ನ ಎತ್ತೂದಿಲ್ಲ" ಅಂದೆ. "ಈಗ ಎತ್ತಿದ್ರಲ್ಲ" ಅಂದಳು! ಆದರೂ ಎಲೆ ತಗೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಈ ಸಲ ಜಾತ್ರೆಗೆ ಬಂದಳು. ಚೀಲ ಎಲ್ಲಿಟ್ಟಳು ಅಂತ ನಾನು ನೋಡಲಿಲ್ಲ. ನೋಡದೇ ಇರುವುದು ಎಷ್ಟು ಕಷ್ಟ ಆಯ್ತು ಅಂತ ನನಗೇ ಗೊತ್ತು.

ಸೊಸೆಗೆ ಏನೂ ಹೇಳಬೇಡ ಅನ್ನುತ್ತಿಲ್ಲ. ಗ್ಯಾಸ್ ಹಚ್ಚಿಟ್ಟು ಮರೆಯುವುದು ಅಪಾಯ, ಹೇಳಲೇಬೇಕು. ಒಂದೇ ಸಲ ಹೇಳು, ಅಡುಗೆಮನೆಯಲ್ಲೇ ಹೇಳು. ನಿಮ್ಮವ್ವನಿಗೆ ಫೋನ್ ಹಚ್ಚಬೇಡ. ಹೋದ ತಿಂಗಳು ಕೆಲಸದಲ್ಲಿ ನೀನು ತಪ್ಪಿ ಬೇರೆಯವರ ಖಾತೆಗೆ ದುಡ್ಡು ಹಾಕಿದಾಗ ನಿಮ್ಮ ಸಾಹೇಬರು ಬಾಗಿಲು ಮುಂದೆ ಮಾಡಿ ಹೇಳಿ ಅಲ್ಲೇ ಮುಗಿಸಿದರಲ್ಲ. "ದೇವರಂಥ ಮನುಷ್ಯ, ಕಾಕಾ" ಅಂದಿದ್ದೆ ನೀನು.

ಪಾತ್ರೆ ಸ್ಟೀಲಿಂದೇ ತಾನೆ? ನೀರು ಹಾಕಿ, ಒಂದೆರಡು ಚಮಚ ಅಡುಗೆ ಸೋಡಾ ಉದುರಿಸಿ ಕುದಿಸು, ರಾತ್ರಿ ಹಾಗೇ ಬಿಡು ಅಂತ ಚಿಗವ್ವ ಹೇಳ್ತಿದ್ದಾಳೆ. ಬೆಳಿಗ್ಗೆ ಸೊಸೆ ಏಳುವ ಮೊದಲು ನೀನೇ ತಿಕ್ಕು. ಕಲೆ ಹೋಗದಿದ್ದರೆ ಇನ್ನೊಂದು ರಾತ್ರಿ ನೆನೆಹಾಕು, ಜೋರಾಗಿ ಕೆರೆಯಬೇಡ.

ಯುಗಾದಿಗೆ ಇಬ್ಬರೂ ಬನ್ನಿ. ಬರುವಾಗ ಅರ್ಧ ಕಿಲೋ ಕುಂದಾ ತಾ. ಅಂಗಡಿಯದೇ ಇರಲಿ.

ನಿನ್ನ ಕಾಕಾ