ಅಜ್ಜನ ಕ್ರಯಪತ್ರದ ನಕಲಿನ ಬಗ್ಗೆ

ಕ್ವೀನ್ಸ್, ನ್ಯೂಯಾರ್ಕ್

ತೀರ್ಥರೂಪ ಅಪ್ಪನವರಿಗೆ ಮಗಳು ಮಾಡುವ ನಮಸ್ಕಾರಗಳು. ನಾವೆಲ್ಲರೂ ಇಲ್ಲಿ ಕ್ಷೇಮವಾಗಿದ್ದೇವೆ.

ಹಾಸನದ ಮನೆಯ ಮೂಲ ಕ್ರಯಪತ್ರ ಪೆಟ್ಟಿಗೆಯಲ್ಲಿ ಸಿಗಲಿಲ್ಲವೆಂದೂ, ಆಸ್ತಿ ಹಂಚಿಕೊಳ್ಳುವ ವಿಭಾಗಪತ್ರ ಮಾಡಿಸುವುದು ಹೇಗೆಂಬ ಚಿಂತೆಯಲ್ಲಿ ನಿಮಗೆ ನಿದ್ದೆಯಿಲ್ಲವೆಂದೂ ತಮ್ಮ ತಿಳಿಸಿದ. ಪತ್ರ ಕಳೆದರೆ ಹಕ್ಕು ಕಳೆಯುವುದಿಲ್ಲ. ಅಜ್ಜ ಅದನ್ನು ನೋಂದಣಿ ಮಾಡಿಸಿದ್ದರಿಂದ, 1908ರ ನೋಂದಣಿ ಕಾಯ್ದೆಯ ಪ್ರಕಾರ ಅದರ ಪ್ರತಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಸ್ಥಿರಾಸ್ತಿ ಪತ್ರಗಳಿಗಾಗಿ ಇರುವ 1ನೇ ಪುಸ್ತಕದಲ್ಲಿ ಸೇರಿರಬೇಕು. ಆ ಪುಸ್ತಕವನ್ನು ಶುಲ್ಕ ಕಟ್ಟಿ ನೋಡುವ, ಅದರಿಂದ ನಕಲು ಪಡೆಯುವ ಹಕ್ಕನ್ನು ಕಾಯ್ದೆಯ 57ನೇ ಕಲಂ ಎಲ್ಲರಿಗೂ ಕೊಟ್ಟಿದೆ; ಅಧಿಕಾರಿಯ ಸಹಿ, ಮೊಹರು ಇರುವ ದೃಢೀಕೃತ ನಕಲು ಮೂಲಪತ್ರದ ಒಕ್ಕಣೆಯನ್ನು ರುಜುವಾತು ಮಾಡಲು ಸಲ್ಲುತ್ತದೆ.

ನಮ್ಮ ರಾಜ್ಯದ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಏನೂ ಕಾಣಲಿಲ್ಲವೆಂದು ತಮ್ಮ ಗಾಬರಿಯಾಗುವುದು ಬೇಡ. ಅಲ್ಲಿ ಸಾಮಾನ್ಯವಾಗಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನ ವ್ಯವಹಾರಗಳ ಇ.ಸಿ., ಅಂದರೆ ಸ್ವತ್ತಿನ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ ಮಾತ್ರ, ನಮ್ಮದು 1974ರ ಪತ್ರ. ಆದ್ದರಿಂದ ಕಚೇರಿಗೇ ಹೋಗಿ, ಕೊಟ್ಟವರ ಮತ್ತು ಕೊಂಡವರ ಹೆಸರು, ಸ್ವತ್ತಿನ ಹಳೆಯ ನಂಬರು, ಚಕ್ಕುಬಂದಿ (ನಾಲ್ಕು ದಿಕ್ಕಿನ ಎಲ್ಲೆ) ಇಷ್ಟನ್ನೂ ಬರೆದು, ಇಸವಿಯ ವಿಚಾರದಲ್ಲಿ ನೆನಪನ್ನೇ ನಂಬದೆ 1970ರಿಂದ 1980ರವರೆಗಿನ ಇ.ಸಿ.ಗೆ ಅರ್ಜಿ ಕೊಡಲಿ. ಹೆಸರುಗಳಿಗೊಂದು, ಸ್ವತ್ತುಗಳಿಗೊಂದು ಸೂಚಿಯನ್ನು ಕಚೇರಿಯಲ್ಲಿ ಇಟ್ಟಿರುತ್ತಾರೆ. ದಸ್ತಾವೇಜಿನ ಸಂಖ್ಯೆ, ಸಂಪುಟ, ಪುಟ ತಿಳಿದರೆ ನಕಲು ತೆಗೆಸುವುದು ಕಷ್ಟವಲ್ಲ. ಮನೆಯನ್ನು ಹಿಂದೆ ಅಡಮಾನ ಮಾಡಿದ್ದ ಪತ್ರ ನಿಮ್ಮ ಬಳಿ ಇದ್ದರೆ ಮೊದಲು ಅದನ್ನೇ ನೋಡಿ. ಕ್ರಯಪತ್ರದ ನಂಬರನ್ನು ಅಂಥ ಪತ್ರಗಳಲ್ಲಿ ಸಾಮಾನ್ಯವಾಗಿ ನಮೂದಿಸಿರುತ್ತಾರೆ, ಹುಡುಕುವ ಶ್ರಮ ಉಳಿಯುತ್ತದೆ.

ಖಾತೆ ಇದೆಯಲ್ಲ, ಸಾಲದೇ ಎಂದು ಚಿಕ್ಕಪ್ಪ ಕೇಳಬಹುದು. ಖಾತೆ ತೆರಿಗೆಗೆ ಸಂಬಂಧಿಸಿದ ದಾಖಲೆ. ಅದು ಕ್ರಯಪತ್ರದ ಸ್ಥಾನದಲ್ಲಿ ನಿಲ್ಲುವುದಿಲ್ಲ. ಅಜ್ಜ ಉಯಿಲು ನೋಂದಾಯಿಸಿದ್ದರೆಂಬ ಅವರ ಮಾತನ್ನೂ ಈಗಲೇ ಪರಿಶೀಲಿಸುವುದು ಒಳ್ಳೆಯದು: ಉಯಿಲುಗಳು 3ನೇ ಪುಸ್ತಕದಲ್ಲಿರುತ್ತವೆ, ಬರೆದವರು ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಅದರ ನಕಲು ಸಿಗುತ್ತದೆ. ಊಹೆಯ ಮೇಲೆ ಅಣ್ಣತಮ್ಮಂದಿರಲ್ಲಿ ಮನಸ್ತಾಪ ಬೆಳೆಯುವುದು ನನಗೆ ಸಹಿಸದ ಸಂಗತಿ.

ಈ ನ್ಯೂಯಾರ್ಕ್ ನಗರದಲ್ಲಿ, ಆಸ್ತಿಪತ್ರಗಳನ್ನು ದಾಖಲಿಸುವ ಸಿಟಿ ರಿಜಿಸ್ಟರ್ ಕಚೇರಿಯ ಏಕ್ರಿಸ್ ಎಂಬ ಜಾಲತಾಣವಿದೆ. ಸ್ಟೇಟನ್ ಐಲೆಂಡ್ ಒಂದನ್ನು ಬಿಟ್ಟು ಉಳಿದ ನಾಲ್ಕು ಭಾಗಗಳ, 1966ರಿಂದೀಚಿನ ಮನೆಪತ್ರಗಳನ್ನು ಯಾರು ಬೇಕಾದರೂ ಅಲ್ಲಿ ಉಚಿತವಾಗಿ ಹುಡುಕಿ ಓದಬಹುದು. ಹೀಗಿದ್ದರೂ ಅಮೆರಿಕದಲ್ಲಿ ಹೊಸದಾಗಿ ಮನೆ ಕೊಂಡವರಿಗೆ, ಸರ್ಕಾರಿ ನೋಟಿಸಿನಂತೆಯೇ ಕಾಣುವ ಕಾಗದ ಕಳುಹಿಸಿ, ಒಂದು ನಕಲಿಗೆ ನೂರು ಡಾಲರಿನಷ್ಟು ಕೇಳುವ ಖಾಸಗಿಯವರಿದ್ದಾರೆ. ನಮ್ಮಲ್ಲಿಯೂ ಕಚೇರಿಯ ಮುಂದೆ ಬೇಗ ತೆಗೆಸಿಕೊಡುತ್ತೇವೆಂದು ಬರುವವರಿಗೆ ಹಣ ಕೊಡದೆ, ತಮ್ಮನೇ ಕೌಂಟರಿನಲ್ಲಿ ಶುಲ್ಕ ಕಟ್ಟಿ ರಸೀದಿ ಪಡೆಯಲಿ.

ನಕಲು ಕೈಗೆ ಬಂದ ಮೇಲೆ ಅದರಲ್ಲಿನ ಅಳತೆ, ಚಕ್ಕುಬಂದಿಗಳನ್ನು ನಿವೇಶನದಲ್ಲಿ ನಿಂತು ತಾಳೆ ನೋಡಿ, ಅನಂತರವೇ ವಕೀಲರಿಂದ ವಿಭಾಗಪತ್ರದ ಕರಡು ಬರೆಸಿ. ನನಗೂ ಒಂದು ಪ್ರತಿ ಕಳುಹಿಸಿ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮ ಮಗಳು