ಸ್ಲೋಡೈವ್ ಬಗ್ಗೆ ಬರೆಯಹೊರಟ ತಂಗಿಗೆ

ಪ್ರೀತಿಯ ತಂಗಿ,

ಬ್ರಿಟನ್ನಿನ ಸ್ಲೋಡೈವ್ ಎಂಬ ಗಿಟಾರ್ ಬ್ಯಾಂಡಿನ ಬಗ್ಗೆ ಬರೆಯಲು ಹೊರಟಿದ್ದೀಯ, ಬಹಳ ಸಂತೋಷ. ಆದರೆ 'ಅಂದು ಯಾರೂ ಕೇಳಲಿಲ್ಲ, ಇಂದು ಎಲ್ಲರೂ ಕೊಂಡಾಡುತ್ತಾರೆ' ಅಂತ ಮಾತ್ರ ಶುರು ಮಾಡಬೇಡ. ಅದು ನಿಜವಲ್ಲ. ಅವರ ಮೊದಲ ಇಪಿಗಳನ್ನು, ಅಂದರೆ ಕೆಲವೇ ಹಾಡುಗಳ ಪುಟ್ಟ ರೆಕಾರ್ಡ್‌ಗಳನ್ನು, ಬ್ರಿಟನ್ನಿನ ಸಂಗೀತ ಪತ್ರಿಕೆಗಳು ಮೆಚ್ಚಿದ್ದವು. 1991ರ ಮೊದಲ ಆಲ್ಬಮ್ 'ಜಸ್ಟ್ ಫಾರ್ ಎ ಡೇ' ಅಲ್ಲಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ 32ನೇ ಸ್ಥಾನಕ್ಕೆ ಏರಿತ್ತು. ಹೊಗಳಿದ್ದ ಪತ್ರಿಕೆಗಳೇ ಎರಡು ವರ್ಷದೊಳಗೆ ತಿರುಗಿಬಿದ್ದವು. ನೀನು ಬಿಡಿಸಿ ಹೇಳಬೇಕಾದ್ದು ಅದನ್ನು.

ಹೇಗೆ ಅಂದರೆ, ಒಂದು ಹಾಳೆಯ ಎಡಕ್ಕೆ ಇವರ ಆಲ್ಬಮ್ ಬರೆದುಕೋ, ಬಲಕ್ಕೆ ಆ ಹೊತ್ತಿಗೆ ಬಂದ ಬೇರೆಯವರದ್ದು. ಇವರ ಮೊದಲ ಆಲ್ಬಮ್ 1991ರ ಸೆಪ್ಟೆಂಬರ್ ಆರಂಭದಲ್ಲಿ ಬಂತು. ಅದೇ ತಿಂಗಳ 24ಕ್ಕೆ ಅಮೆರಿಕದ ನಿರ್ವಾಣ ಬ್ಯಾಂಡಿನ 'ನೆವರ್‌ಮೈಂಡ್' ಬಂದು ಎಲ್ಲರ ಕಿವಿ ಅತ್ತ ತಿರುಗಿತು. 1993ರಲ್ಲಿ ಇವರ ಎರಡನೇ ಆಲ್ಬಮ್ 'ಸುವ್ಲಾಕಿ' ಬರುವ ಹೊತ್ತಿಗೆ ಬ್ರಿಟನ್ನಿನದೇ ಆದ ಸ್ವೇಡ್ ಬ್ಯಾಂಡಿನ ಮೊದಲ ಆಲ್ಬಮ್ ಪಟ್ಟಿಯ ತುದಿ ಮುಟ್ಟಿ ಬಂದಿತ್ತು. 'ಸುವ್ಲಾಕಿ' 51ಕ್ಕೇ ನಿಂತಿತು. 1994ರ ಆಗಸ್ಟಿನಲ್ಲಿ ಇವರದೇ ಲೇಬಲ್ (ರೆಕಾರ್ಡ್ ಕಂಪನಿ) ಕ್ರಿಯೇಷನ್, ಓಯಸಿಸ್ ಬ್ಯಾಂಡಿನ ಮೊದಲ ಆಲ್ಬಮ್ ತಂದಿತು. ಆರು ತಿಂಗಳಿಗೆ, ಡ್ರಮ್ಸ್ ಹೆಚ್ಚುಕಡಿಮೆ ಮಾಯವಾದ, ತುಣುಕುಗಳೇ ಸುತ್ತಿ ಸುತ್ತಿ ಬರುವ 'ಪಿಗ್ಮೇಲಿಯನ್' ಆಲ್ಬಮ್ಮನ್ನು ಸ್ಲೋಡೈವ್‌ನವರು ಕೊಟ್ಟರು. ಸ್ವಲ್ಪ ದಿನದಲ್ಲೇ ಲೇಬಲ್ ಇವರನ್ನು ಕೈಬಿಟ್ಟಿತು. ದಿನಾಂಕಗಳನ್ನು ಹೀಗೆ ಜೋಡಿಸಿಟ್ಟರೆ ಕಾರಣ ಓದುಗರಿಗೇ ಕಾಣುತ್ತದೆ. ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್ ಬ್ಯಾಂಡಿನ ರಿಚಿ ಎಡ್ವರ್ಡ್ಸ್ ಇವರನ್ನು ಬೈದ ಮಾತು ಸಿಕ್ಕ ಸಿಕ್ಕ ಲೇಖನದಲ್ಲೆಲ್ಲ ಇರುತ್ತದೆ, ಅದನ್ನು ಬಿಡು.

ಹೆಚ್ಚು ಜಾಗ ಕೊಡಬೇಕಾದ್ದು ಸದ್ದಿಗೆ. 'ಕನಸಿನಂಥ', 'ಅಲೌಕಿಕ' ಅನ್ನುವ ಪದಗಳು ಮೊದಲ ಕರಡಿನಲ್ಲಿ ಬಂದೇ ಬರುತ್ತವೆ. ಹೊಡೆದುಹಾಕಿ, ಆ ಸದ್ದು ಹುಟ್ಟುವ ಬಗೆ ಬರೆ. ಈ ಬ್ಯಾಂಡು ನೆಚ್ಚಿಕೊಂಡಿದ್ದ ಯಮಹಾ ಎಫ್‌ಎಕ್ಸ್500 ಎಂಬ, ಗಿಟಾರಿನ ಸದ್ದನ್ನು ಮಾರ್ಪಡಿಸುವ ಪುಟ್ಟ ಪೆಟ್ಟಿಗೆಯಲ್ಲಿ ಉಲ್ಟಾ ರಿವರ್ಬ್, ಅಂದರೆ ತಿರುಗುಮುರುಗಾದ ಅನುರಣನ ಇದೆ. ಗುಡಿಯ ಗಂಟೆ ಹೊಡೆದರೆ ಪೆಟ್ಟು ಮೊದಲು, ಆಮೇಲೆ ಅನುರಣನ, ಅದು ಕ್ರಮೇಣ ಕರಗುತ್ತದೆ. ಇಲ್ಲಿ ಅನುರಣನ ಸಣ್ಣದಾಗಿ ಶುರುವಾಗಿ, ಉಬ್ಬುತ್ತಾ ಬಂದು, ತಟ್ಟನೆ ನಿಲ್ಲುತ್ತದೆ. ತಂತಿ ಮೀಟಿದ ಪೆಟ್ಟು ಅದರಡಿ ಮುಚ್ಚಿಹೋಗುತ್ತದೆ. ಗಿಟಾರು ಹಾರ್ಮೋನಿಯಂ ತಿದಿಯ ಹಾಗೆ ಉಸಿರಾಡುವುದು ಅದಕ್ಕೇ. ತಂಬೂರಿಗೆ ಹೋಲಿಸುವ ಆಸೆಯಾಗುತ್ತದೆ, ಬೇಡ. ತಂಬೂರಿ ಒಂದೇ ಶ್ರುತಿ ಹಿಡಿದು ನಿಲ್ಲುತ್ತದೆ. ಇಲ್ಲಿ ಮಂಜಿನಂಥ ಸದ್ದಿನ ಅಡಿಯಲ್ಲಿ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು, ಬದಲಾಗುತ್ತಲೇ ಇರುತ್ತವೆ.

ಬರೆಯುವ ಮುನ್ನ 'ಸುವ್ಲಾಕಿ'ಯ 'ಆಲಿಸನ್' ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಮೂರು ಸಲ ಕೇಳು: ಒಮ್ಮೆ ನಿಕ್ ಚಾಪ್ಲಿನ್ನರ ಬೇಸ್ ಗಿಟಾರ್ ಮಾತ್ರ, ಒಮ್ಮೆ ಸೈಮನ್ ಸ್ಕಾಟರ ಡ್ರಮ್ಸ್, ಒಮ್ಮೆ ನೀಲ್ ಹಾಲ್‌ಸ್ಟೆಡ್ ಮತ್ತು ರಾಚೆಲ್ ಗೋಸ್ವೆಲ್‌ರ ದನಿಗಳು. ಫೋನಿನ ಸ್ಪೀಕರಿನಲ್ಲಿ ಬೇಸ್ ಕಳೆದುಹೋಗುತ್ತದೆ. ಉಳಿಯುವುದು ಬರೀ ಜುಂಯ್ ಎನ್ನುವ ಸದ್ದು, ಅದನ್ನು ಕೇಳಿ ಬರೆದರೆ ನಿನ್ನ ಲೇಖನವೂ ಮಸುಕಾಗುತ್ತದೆ.

ಎರಡು ತಪ್ಪು ಪದೇ ಪದೇ ಆಗುತ್ತವೆ. 'ಸುವ್ಲಾಕಿ'ಯನ್ನು ಹೆಸರಾಂತ ಸಂಗೀತಗಾರ, ನಿರ್ಮಾಪಕ ಬ್ರಯನ್ ಈನೋ ನಿರ್ಮಿಸಿದರು ಅನ್ನುವುದೊಂದು. ನಿರ್ಮಿಸಿಕೊಡಿ ಎಂದು ಬ್ಯಾಂಡು ಕೇಳಿದ್ದು ನಿಜ, ಆದರೆ ಅವರು ಜೊತೆಗೂಡಿದ್ದು 'ಸಿಂಗ್', 'ಹಿಯರ್ ಶೀ ಕಮ್ಸ್' ಎಂಬ ಎರಡೇ ಹಾಡುಗಳಿಗೆ. ಇನ್ನೊಂದು, '22 ವರ್ಷದ ಮೌನ'. 1995ರಿಂದ 2017ರವರೆಗೆ ಸ್ಲೋಡೈವ್ ಹೆಸರಿನ ಹೊಸ ಆಲ್ಬಮ್ ಇರಲಿಲ್ಲ, ಅಷ್ಟೇ. ಹಾಲ್‌ಸ್ಟೆಡ್, ಗೋಸ್ವೆಲ್, ಡ್ರಮ್ಮರ್ ಇಯನ್ ಮಕಚನ್ ಸೇರಿ ಮೊಹಾವಿ 3 ಎಂಬ ಬೇರೆ ಬ್ಯಾಂಡು ಕಟ್ಟಿದರು. 4ಎಡಿ ಲೇಬಲ್‌ನಿಂದ 2006ರವರೆಗೆ ಐದು ಆಲ್ಬಮ್ ತಂದರು. ಅಲ್ಲಿ ಮಂಜೆಲ್ಲ ಸರಿದು ಗಿಟಾರಿನ ಒಂದೊಂದು ಮೀಟೂ ಬಿಡಿಯಾಗಿ ಕೇಳುತ್ತದೆ. ಅವನ್ನು ಕೇಳದೆ 2017ರ ಆಲ್ಬಮ್ಮಿನ ತಿಳಿಯಾದ ದನಿಗಳ ಬಗ್ಗೆ ಬರೆಯಬೇಡ.

2014ರಲ್ಲಿ ಸ್ಲೋಡೈವ್ ಮತ್ತೆ ಒಟ್ಟಾದದ್ದನ್ನು ಒಂದೆರಡು ಸಾಲಿನಲ್ಲಿ ಮುಗಿಸು. 2023ರ 'ಎವ್ರಿಥಿಂಗ್ ಈಸ್ ಅಲೈವ್' 6ನೇ ಸ್ಥಾನಕ್ಕೆ ಏರಿತು, ಆದರೆ ಆ ಅಂಕಿಯನ್ನೇ ಕೊನೆಯ ಸಾಲಾಗಿಸಬೇಡ. ಆ ಆಲ್ಬಮ್ ಗೋಸ್ವೆಲ್‌ರ ತಾಯಿಗೂ ಸ್ಕಾಟರ ತಂದೆಗೂ ಅರ್ಪಿತ. ಇಬ್ಬರೂ ತೀರಿಕೊಂಡದ್ದು 2020ರಲ್ಲಿ. ಇದನ್ನು ತಿಳಿದು ಮತ್ತೊಮ್ಮೆ ಕೇಳಿ, ಆಮೇಲೆ ಬರೆ.

ಹಾಂ, 1989ರಲ್ಲಿ ಬ್ಯಾಂಡು ಹುಟ್ಟಿದ ಇಂಗ್ಲೆಂಡಿನ ಊರನ್ನು 'ರೀಡಿಂಗ್' ಅಂತ ಬರೆಯಬೇಡ. ಅಲ್ಲಿಯವರು ಅನ್ನುವುದು 'ರೆಡಿಂಗ್'.

ಪ್ರೀತಿಯಿಂದ,
ಅಕ್ಕ