ತರಬೇತಿಗೆ ಬಂದವರನ್ನು ಕೌಂಟರ್‌ಗೆ ಬಿಡಿ

ಮಾನ್ಯ ಸಂಪಾದಕರೇ,

ಫಾರ್ಮಸಿ ವಿದ್ಯಾರ್ಥಿಗಳು ತರಬೇತಿಯಲ್ಲಿ ಏನು ಕಲಿಯುತ್ತಾರೆ ಅನ್ನುವುದು ನಾವು ಅವರನ್ನು ಎಲ್ಲಿ ನಿಲ್ಲಿಸುತ್ತೇವೆ ಅನ್ನುವುದರ ಮೇಲಿದೆ. ಎಷ್ಟೋ ಕಡೆ ಅವರ ಪಾಲಿಗೆ ಬರುವುದು ಬಾಕ್ಸ್ ಒಡೆಯುವುದು, ರ್‍ಯಾಕ್ ಜೋಡಿಸುವುದು, ಬಿಲ್ ಹಾಕುವುದು. ಇದೂ ಬೇಕು, ಇಲ್ಲ ಅನ್ನುವುದಿಲ್ಲ. ಎಕ್ಸ್‌ಪೈರಿ ಹತ್ತಿರ ಬಂದ ಔಷಧ ಮುಂದಿರಬೇಕು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಹೆಪ್ಪುಗಟ್ಟಿದರೆ ಎಸೆಯುವುದೇ. ಆದರೆ ಇಷ್ಟನ್ನು ಕಲಿಯಲು ಒಂದೆರಡು ವಾರ ಸಾಕು. ಉಳಿದ ತಿಂಗಳುಗಳೂ ಅಲ್ಲೇ ಕಳೆದರೆ ಪುಕ್ಕಟೆ ದುಡಿಮೆ ಆಯಿತು, ಅಷ್ಟೇ.

ನಾನೂ ಫಾರ್ಮಸಿಸ್ಟ್. ಮೆಥೊಟ್ರೆಕ್ಸೇಟ್ ವಿಷಯವನ್ನೇ ನೋಡಿ. ಸಂಧಿವಾತಕ್ಕೆ ಕೊಟ್ಟಾಗ ವಾರಕ್ಕೆ ಒಂದೇ ದಿನ ನುಂಗುವ ಮಾತ್ರೆ. ಪರೀಕ್ಷೆಯಲ್ಲಿ ಎಲ್ಲರೂ ಇದನ್ನು ಸರಿಯಾಗಿಯೇ ಬರೆಯುತ್ತಾರೆ. ಆದರೆ ಚೀಟಿ ಹಿಡಿದು ಬಂದವರಿಗೆ "ವಾರಕ್ಕೊಮ್ಮೆ" ಅಂದು ಕಳಿಸಿದರೆ ಸಾಲದು. ಯಾವ ದಿನ ಅಂತ ಕೇಳಬೇಕು. ಅವರು "ಸೋಮವಾರ" ಅಂದರೆ ಅದನ್ನು ಪ್ಯಾಕೆಟ್ ಮೇಲೆ ಬರೆದು, ಮತ್ತೆ ಅವರ ಬಾಯಿಂದಲೇ ಹೇಳಿಸಬೇಕು. ಗೊತ್ತಿಲ್ಲದೆ ದಿನಾ ನುಂಗಿದರೆ ಮೂಳೆಮಜ್ಜೆಗೆ ಪೆಟ್ಟು ಬಿದ್ದು ಜೀವಕ್ಕೇ ಅಪಾಯ.

ಒತ್ತಿ ಬಳಸುವ ಇನ್‌ಹೇಲರ್‌ನದು ಬೇರೆಯೇ ಕಥೆ. "ಗೊತ್ತು ಬಿಡಿ, ವರ್ಷಗಳಿಂದ ಬಳಸ್ತಿದ್ದೀನಿ" ಅನ್ನುವವರಿಗೇ ಒಮ್ಮೆ ತೋರಿಸಿ ಅನ್ನಬೇಕು. ಮೊದಲು ಒತ್ತಿ, ಆಮೇಲೆ ಉಸಿರೆಳೆಯುವವರೇ ಜಾಸ್ತಿ. ಔಷಧ ಬಾಯಿ, ಗಂಟಲಲ್ಲೇ ಉಳಿಯುತ್ತದೆ. ನಿಧಾನವಾಗಿ ಎಳೆಯುತ್ತಲೇ ಒತ್ತಬೇಕು, ಹತ್ತು ಸೆಕೆಂಡ್ ಉಸಿರು ಹಿಡಿಯಬೇಕು. ಹಿರಿಯರೊಬ್ಬರಿಗೆ ಇದನ್ನು ಬೇಜಾರಾಗದ ಹಾಗೆ ಹೇಳುವುದು ಯಾವ ಸಿಲೆಬಸ್‌ನಲ್ಲಿದೆ?

ವೈದ್ಯರಿಗೆ ಫೋನ್ ಮಾಡುವುದನ್ನೂ ಇಲ್ಲೇ ಕಲಿಯಬೇಕು. ಹೈಡ್ರಾಲಜೀನ್ ಬಿಪಿಗೆ, ಹೈಡ್ರಾಕ್ಸಿಜೀನ್ ತುರಿಕೆಗೆ. ಅವಸರದ ಅಕ್ಷರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಊಹೆ ಮಾಡಿ ಕೊಡುವ ಹಾಗಿಲ್ಲ, ಕೇಳಲೇಬೇಕು. ಹುಡುಗರು ಹೆದರುತ್ತಾರೆ, ಸಹಜ ಅಲ್ವಾ? ಪಕ್ಕದಲ್ಲಿ ನಿಂತು ನಾಲ್ಕು ಸಲ ಮಾಡಿಸಿದರೆ ಹೆದರಿಕೆ ತಾನೇ ಹೋಗುತ್ತದೆ.

ಹೊಸಬರು ತಪ್ಪು ಮಾಡಿದರೆ ಅನ್ನುವ ಭಯ ಅಂಗಡಿಯವರಿಗೂ ಆಸ್ಪತ್ರೆಯವರಿಗೂ ಇದೆ. ಅದಕ್ಕೇ ಔಷಧ ರೋಗಿಯ ಕೈಗೆ ಹೋಗುವ ಮುಂಚೆ ಫಾರ್ಮಸಿಸ್ಟ್ ಒಮ್ಮೆ ನೋಡಲಿ. ಇನ್ನು ಕಾಲೇಜುಗಳು. ಹಾಜರಾತಿಗೆ ಸಹಿ, ಸೀಲು ಬಿದ್ದರೆ ಸುಮ್ನೆ ಪಾಸು ಮಾಡಿಬಿಡುತ್ತಾರೆ. ಯಾವ ಚೀಟಿ ನೋಡಿ ಅನುಮಾನ ಬಂತು, ರೋಗಿಗೆ ಏನು ಹೇಳಿದೆ, ಯಾರನ್ನು ಕೇಳಿದೆ ಅಂತ ವಿದ್ಯಾರ್ಥಿಯನ್ನು ಎದುರು ಕೂರಿಸಿಕೊಂಡು ಕೇಳಿ, ಆಮೇಲೆ ಅಂಕ ಹಾಕಲಿ.

ಇತಿ,
ಒಬ್ಬ ಫಾರ್ಮಸಿಸ್ಟ್